ನೀರುನಾಯಿ ಇಲ್ಲದ ಕಡಲು

ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿ ಕೆಲವು ವರ್ಷಗಳಿಂದ ಒಂದು ವಿಚಿತ್ರ ತಕರಾರು ನಡೆದಿದೆ. ತಕರಾರಿಗೆ ಕಾರಣವಾದ ಪ್ರಾಣಿ ಆ ಕಡಲಲ್ಲಿ ಇಲ್ಲವೇ ಇಲ್ಲ. ನೂರು ವರ್ಷಕ್ಕೂ ಹಿಂದೆಯೇ ತುಪ್ಪಳದ ವ್ಯಾಪಾರಿಗಳು ಅದನ್ನು ಅಲ್ಲಿ ಮುಗಿಸಿಬಿಟ್ಟರು. ಈಗ ಅದನ್ನು ಬೇರೆ ಕಡೆಯಿಂದ ಹಿಡಿದು ತಂದು ಬಿಡಬೇಕೇ ಬೇಡವೇ ಎಂಬುದೇ ಜಗಳ. ಬಿಟ್ಟರೆ ಕಡಲಿನ ಕಾಡು ಮರಳಿ ಬೆಳೆಯುತ್ತದೆ ಎಂದು ಒಂದು ಪಕ್ಷ. ಬಿಟ್ಟರೆ ನಮ್ಮ ಏಡಿಯನ್ನೆಲ್ಲ ತಿಂದು ಹಾಕುತ್ತದೆ ಎಂದು ಮೀನುಗಾರರ ಪಕ್ಷ. 2022ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆ, ಆರೆಗಾನ್ ಮತ್ತು ಉತ್ತರ ಕ್ಯಾಲಿಫೋರ್ನಿಯಾಕ್ಕೆ ಈ ಪ್ರಾಣಿಯನ್ನು ಮರಳಿ ತರುವುದು ಸಾಧ್ಯ ಎಂದು ವರದಿ ಕೊಟ್ಟಿತು. ಸಾಧ್ಯ ಎಂದಿತೇ ಹೊರತು ತರುತ್ತೇವೆ ಎನ್ನಲಿಲ್ಲ. ಸರ್ಕಾರಿ ಭಾಷೆ ಎಲ್ಲ ದೇಶದಲ್ಲೂ ಒಂದೇ.

ಪ್ರಾಣಿ ಯಾವುದೆಂದರೆ ಕಡಲ ನೀರುನಾಯಿ. ಹಂಪಿಯ ಆಸುಪಾಸಿನಲ್ಲಿ ಹರಿಗೋಲು ಹತ್ತಿದವರು ಇದರ ದಾಯಾದಿಯನ್ನು ನೋಡಿರಬಹುದು. ತುಂಗಭದ್ರೆಯ ಬಂಡೆಗಳ ನಡುವೆ ಗುಂಪಾಗಿ ತಲೆ ಎತ್ತಿ ಮತ್ತೆ ಮುಳುಗುವ ಆ ನೀರುನಾಯಿಗಳಿಗಾಗಿಯೇ 2015ರಲ್ಲಿ ಅಲ್ಲೊಂದು ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ಹೊಳೆಯ ನೀರುನಾಯಿಗೆ ದಡ ಬೇಕು, ಬಿಲ ಬೇಕು. ಕಡಲ ನೀರುನಾಯಿ ನೀರಲ್ಲೇ ಹುಟ್ಟಿ, ನೀರಲ್ಲೇ ಮಲಗಿ, ಮರಿಯನ್ನು ಎದೆಯ ಮೇಲೆ ಮಲಗಿಸಿಕೊಂಡು ಬದುಕು ಕಳೆಯುತ್ತದೆ. ತಿಮಿಂಗಿಲ, ಸೀಲ್‌ಗಳಿಗಿರುವಂತೆ ಚಳಿ ತಡೆಯಲು ಚರ್ಮದಡಿ ದಪ್ಪ ಕೊಬ್ಬಿನ ಪದರ ಇದಕ್ಕಿಲ್ಲ. ಇರುವುದು ತುಪ್ಪಳ ಮಾತ್ರ. ಒಂದು ಚದರ ಸೆಂಟಿಮೀಟರ್ ಚರ್ಮದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂದಲು! ಅದೂ ಸಾಲದೆ, ಮೈ ಬೆಚ್ಚಗಿಡಲು ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನಬೇಕು. ಈ ಪ್ರಾಣಿಯ ಪಾಲಿಗೆ ಬಂದ ಎಲ್ಲ ದುರಂತಕ್ಕೂ, ಅದರಿಂದ ಕಡಲಿಗಾದ ಎಲ್ಲ ಬದಲಾವಣೆಗೂ ಮೂಲ ಈ ಎರಡೇ ಸಂಗತಿ: ತುಪ್ಪಳ ಮತ್ತು ಹಸಿವು.

ಆರೆಗಾನ್‌ನ ಜಗಳದಲ್ಲಿ ಎರಡೂ ಕಡೆಯವರು ಆಡುವ ಮಾತಿನ ಬೇರು ಹುಡುಕುತ್ತ ಹೋದರೆ ಸಿಗುವ ಹೆಸರು ಜೇಮ್ಸ್ ಎಸ್ಟೀಸ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅದಕ್ಕೂ ಮುಂಚೆ ದೀರ್ಘಕಾಲ ಕೇಂದ್ರ ಸರ್ಕಾರದ ವನ್ಯಜೀವಿ ಸಂಶೋಧಕರು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದವರು. ಇವರ ವೃತ್ತಿಜೀವನವನ್ನು ಮೊದಲಿನಿಂದ ನೋಡಿದರೆ ಬಿಟ್ಟಿದ್ದಕ್ಕಿಂತ ಬಿಡದೆ ಹಿಡಿದದ್ದೇ ಹೆಚ್ಚು. ಅದೇ ದ್ವೀಪಗಳು, ಅದೇ ಪ್ರಾಣಿ, ಅದೇ ತಣ್ಣೀರಿನ ಮುಳುಗು. ಎಣಿಸಿದ್ದನ್ನೇ ಮತ್ತೆ ಮತ್ತೆ ಎಣಿಸಿದರು.

ಮೊದಲು ಅವರನ್ನು ಅಲ್ಲಿಗೆ ಕರೆದೊಯ್ದದ್ದು ಬಾಂಬು. ಅಲಾಸ್ಕಾದಿಂದ ರಷ್ಯಾದ ಕಡೆಗೆ ಬಾಲದಂತೆ ಚಾಚಿಕೊಂಡಿರುವ ಅಲೂಷಿಯನ್ ದ್ವೀಪಗಳಲ್ಲಿ ಅಮ್ಚಿಟ್ಕಾ ಎಂಬುದೊಂದಿದೆ. ಮರವಿಲ್ಲ, ಬಿಸಿಲು ಅಪರೂಪ, ಗಾಳಿ ನಿಲ್ಲುವುದೇ ಇಲ್ಲ. ಅಮೆರಿಕದ ಅಣುಶಕ್ತಿ ಆಯೋಗ 1965ರಿಂದ 1971ರ ನಡುವೆ ಈ ದ್ವೀಪದ ನೆಲದಡಿ ಮೂರು ಅಣುಬಾಂಬುಗಳನ್ನು ಸಿಡಿಸಿತು. ಕೊನೆಯದನ್ನು 1971ರ ನವೆಂಬರ್ 6ರಂದು ಸುಮಾರು 1,800 ಮೀಟರ್ ಆಳದಲ್ಲಿ ಸಿಡಿಸಲಾಯಿತು. ಅದರ ಶಕ್ತಿ ಸುಮಾರು 5 ಮೆಗಾಟನ್. ಅಮೆರಿಕ ನೆಲದಡಿ ನಡೆಸಿದ ಪರೀಕ್ಷೆಗಳಲ್ಲೆಲ್ಲ ಇದೇ ದೊಡ್ಡದು. ಇದನ್ನು ತಡೆಯಲೆಂದು ವ್ಯಾಂಕೂವರಿನಿಂದ ದೋಣಿ ಹತ್ತಿ ಹೊರಟ ಒಂದಿಷ್ಟು ಜನರ ಗುಂಪೇ ಮುಂದೆ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆ ಆಯಿತು. ಪ್ರತಿಭಟನೆ ಜೋರಾದಾಗ, ವನ್ಯಜೀವಿಗಳ ಮೇಲೆ ಏನು ಪರಿಣಾಮವಾಗುತ್ತದೆ ಎಂದು ಅಧ್ಯಯನ ಮಾಡಿಸಲು ಆಯೋಗವೇ ದುಡ್ಡು ಬಿಚ್ಚಿತು. 1970ರಲ್ಲಿ ಆ ದುಡ್ಡಿನಲ್ಲಿ ಅಮ್ಚಿಟ್ಕಾಕ್ಕೆ ಹೋದವರಲ್ಲಿ ಇಪ್ಪತ್ತೈದರ ಆಸುಪಾಸಿನ ಎಸ್ಟೀಸ್ ಒಬ್ಬರು. ಕೈಯಲ್ಲಿ ಸ್ನಾತಕೋತ್ತರ ಪದವಿ ಇತ್ತು, ಪಿಎಚ್.ಡಿ. ಇನ್ನೂ ಆಗಿರಲಿಲ್ಲ.

ಅವರು ಅಂದುಕೊಂಡಿದ್ದ ವಿಷಯ ಸಾದಾ. ಈ ದ್ವೀಪದ ಸುತ್ತ ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡಿದೆ. ಆ ಕಾಡು ಇಷ್ಟೊಂದು ನೀರುನಾಯಿಗಳನ್ನು ಹೇಗೆ ಸಾಕುತ್ತಿದೆ? ಅಂದಿನ ಪರಿಸರ ವಿಜ್ಞಾನದ ರೂಢಿಯೇ ಅದು. ಕೆಳಗೆ ಸಸ್ಯ, ಸಸ್ಯವನ್ನು ತಿನ್ನುವುದು ಮೇಲೆ, ಅದನ್ನು ತಿನ್ನುವುದು ಇನ್ನೂ ಮೇಲೆ. ಲೆಕ್ಕ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. 1971ರಲ್ಲಿ ರಾಬರ್ಟ್ ಪೇನ್ ಎಂಬ ಪರಿಸರ ವಿಜ್ಞಾನಿ ಆ ದ್ವೀಪಕ್ಕೆ ಬಂದರು. ಕೆಲವೇ ವರ್ಷ ಹಿಂದೆ ಪೇನ್ ವಾಷಿಂಗ್ಟನ್ ರಾಜ್ಯದ ಕಡಲಂಚಿನ ಬಂಡೆಯೊಂದರಿಂದ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ಎಸೆದು ಹೆಸರಾಗಿದ್ದರು. ನಕ್ಷತ್ರಮೀನು ಹೋದ ಬಂಡೆಯನ್ನು ಮಸಲ್ ಚಿಪ್ಪುಗಳು, ನಮ್ಮ ಮಂಗಳೂರು ಕಡೆಯ ಪಚ್ಚಿಲೆಯ ಬಳಗದವು, ಪೂರ್ತಿ ಮುತ್ತಿಕೊಂಡು ಉಳಿದ ಜೀವಿಗಳಿಗೆ ಜಾಗವಿಲ್ಲದಂತೆ ಮಾಡಿದ್ದವು. ಒಂದು ಬೇಟೆಗಾರ ಪ್ರಾಣಿ ಇಡೀ ಬಂಡೆಯ ಚಹರೆಯನ್ನು ಹಿಡಿದಿಟ್ಟಿರಬಹುದು ಎಂಬುದು ಅವರ ತರ್ಕ. ಎಸ್ಟೀಸ್ ತಮ್ಮ ಯೋಜನೆ ಹೇಳಿಕೊಂಡರು. ಪೇನ್ ಕೇಳಿದ್ದು ಇಷ್ಟು: ಕೆಲ್ಪ್ ನೀರುನಾಯಿಗೆ ಏನು ಮಾಡುತ್ತದೆ ಎನ್ನುವುದಿರಲಿ, ನೀರುನಾಯಿ ಕೆಲ್ಪಿಗೆ ಏನು ಮಾಡುತ್ತಿದೆ?

ಆದರೆ ಇದನ್ನು ಪರೀಕ್ಷಿಸುವುದು ಹೇಗೆ? ನಕ್ಷತ್ರಮೀನನ್ನು ಕಿತ್ತೆಸೆದಂತೆ ಒಂದು ದ್ವೀಪದ ನೀರುನಾಯಿಗಳನ್ನು ಎತ್ತಿ ಎಸೆಯಲು ಆಗುವುದಿಲ್ಲ. ಎಸೆಯುವ ಅಗತ್ಯವೂ ಇರಲಿಲ್ಲ, ಆ ಕೆಲಸವನ್ನು ಇತಿಹಾಸ ಮುಂಚೆಯೇ ಮುಗಿಸಿತ್ತು. 1741ರಲ್ಲಿ ವೈಟಸ್ ಬೇರಿಂಗ್‌ನ ರಷ್ಯನ್ ತಂಡದ ಹಡಗು ಒಂದು ನಿರ್ಜನ ದ್ವೀಪದಲ್ಲಿ ಒಡೆಯಿತು. ಬದುಕಿ ಮರಳಿದವರ ಕೈಯಲ್ಲಿ ನೀರುನಾಯಿಯ ಚರ್ಮಗಳಿದ್ದವು. ಮುಂದಿನ 170 ವರ್ಷ ಬೇಟೆಯೋ ಬೇಟೆ. ಜಪಾನಿನಿಂದ ಮೆಕ್ಸಿಕೊದವರೆಗೆ ಒಂದೂವರೆಯಿಂದ ಮೂರು ಲಕ್ಷ ಇದ್ದಿರಬಹುದಾದ ಸಂತತಿಯಲ್ಲಿ, 1911ರ ಅಂತರರಾಷ್ಟ್ರೀಯ ಒಪ್ಪಂದ ಬೇಟೆಗೆ ತಡೆ ಹಾಕುವ ಹೊತ್ತಿಗೆ ಉಳಿದದ್ದು ಒಂದೆರಡು ಸಾವಿರ. ಅವೂ ಹದಿಮೂರು ಚಿಕ್ಕ ಗುಂಪುಗಳಾಗಿ ಅಲ್ಲಲ್ಲಿ ಚದುರಿದ್ದವು. ಅಮ್ಚಿಟ್ಕಾದ ಆಸುಪಾಸಿನಲ್ಲಿ ಒಂದು ಗುಂಪು ಉಳಿದು ಮತ್ತೆ ಬೆಳೆದಿತ್ತು. ಅದೇ ದ್ವೀಪಸಾಲಿನಲ್ಲಿ ಇನ್ನೂ ಪಶ್ಚಿಮಕ್ಕಿರುವ ಶೆಮ್ಯಾ ದ್ವೀಪಕ್ಕೆ ಮಾತ್ರ ನೀರುನಾಯಿ ಇನ್ನೂ ಮರಳಿರಲಿಲ್ಲ. ನೀರು ಅದೇ, ಚಳಿ ಅದೇ, ಬಂಡೆ ಅದೇ. ಇಲ್ಲದಿದ್ದದ್ದು ನೀರುನಾಯಿ ಒಂದೇ.

ಎಸ್ಟೀಸ್ ಶೆಮ್ಯಾಕ್ಕೆ ಹೋದರು. ನೀರಿಗೆ ತಲೆ ಹಾಕಿದ ಕ್ಷಣವೇ ಉತ್ತರ ಸಿಕ್ಕಿತು ಎಂದು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅಮ್ಚಿಟ್ಕಾದಲ್ಲಿ ಮುಳುಗಿದರೆ ಕಂದು ಬಣ್ಣದ ಎಲೆಗಳ ದಟ್ಟ ತೆರೆ, ನಡುವೆ ಮೀನು. ಶೆಮ್ಯಾದಲ್ಲಿ ಬೋಳು ಬಂಡೆ, ಅದರ ಮೇಲೆ ಹಸಿರು ಮುಳ್ಳಿನ ಚೆಂಡುಗಳಂಥ ಸೀ ಅರ್ಚಿನ್‌ಗಳು ಹಾಸುಗಂಬಳಿ ಹಾಸಿದಂತೆ. ಅರ್ಚಿನ್ ತಿನ್ನುವುದು ಕೆಲ್ಪನ್ನು. ಅರ್ಚಿನ್ನನ್ನು ತಿನ್ನುವುದು ನೀರುನಾಯಿ. ಅಂಗಾತ ತೇಲುತ್ತ, ಎದೆಯ ಮೇಲಿಟ್ಟುಕೊಂಡು, ಮುಳ್ಳಿನ ಸಮೇತ ಜಗಿದು ತಿನ್ನುತ್ತದೆ. ಗಟ್ಟಿ ಚಿಪ್ಪಾದರೆ ಹೊಟ್ಟೆಯ ಮೇಲೊಂದು ಕಲ್ಲಿಟ್ಟು ಅದಕ್ಕೆ ಕುಕ್ಕಿ ಒಡೆಯುತ್ತದೆ. ನೀರುನಾಯಿ ಇಲ್ಲದಿದ್ದರೆ ಅರ್ಚಿನ್‌ಗೆ ಹೇಳುವವರು ಕೇಳುವವರು ಇಲ್ಲ. 1974ರಲ್ಲಿ ಎಸ್ಟೀಸ್ ಮತ್ತು ಜಾನ್ ಪಾಲ್ಮಿಸಾನೊ ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದಿನಿಂದ ಪರಿಸರ ವಿಜ್ಞಾನದ ಪಠ್ಯಗಳಲ್ಲಿ ನೀರುನಾಯಿ, ಅರ್ಚಿನ್, ಕೆಲ್ಪ್ ಈ ಮೂರು ಒಟ್ಟಿಗೇ ಓಡಾಡುತ್ತಿವೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಅಚ್ಚುಕಟ್ಟಾದ ಪಠ್ಯಪುಸ್ತಕದ ಕಥೆಯಾಗಿ ಉಳಿಯುತ್ತಿತ್ತು. ಅವರು ನಿಲ್ಲಿಸಲಿಲ್ಲ. ನೀರುನಾಯಿ ಇರುವ ಕಡಲು ಮತ್ತು ಇಲ್ಲದ ಕಡಲು ಎಂಬ ಆ ಒಂದೇ ಹೋಲಿಕೆಯನ್ನು ಬೇರೆ ಬೇರೆ ಪ್ರಶ್ನೆಗಳಿಗೆ ಹಚ್ಚುತ್ತ ಹೋದರು. 1978ರಲ್ಲಿ ಚಾರ್ಲ್ಸ್ ಸಿಮೆನ್‌ಸ್ಟಾಡ್ ಮತ್ತಿತರರ ಜೊತೆ ಅಮ್ಚಿಟ್ಕಾದಲ್ಲಿ ಆ ದ್ವೀಪಗಳ ಮೂಲನಿವಾಸಿಗಳಾದ ಅಲ್ಯೂಟ್ ಜನರ ಹಳೆಯ ತಿಪ್ಪೆಗಳನ್ನು ನೋಡಿದರು. ಸುಮಾರು 2,500 ವರ್ಷಗಳ ಊಟದ ಮಿಕ್ಕಿದ್ದು ಪದರ ಪದರವಾಗಿ ಅಲ್ಲಿತ್ತು. ಕೆಲವು ಪದರಗಳಲ್ಲಿ ಅರ್ಚಿನ್ ಚಿಪ್ಪು ಹೇರಳ. ಅಂದರೆ ರಷ್ಯನ್ನರು ಬರುವ ಎಷ್ಟೋ ಮೊದಲೇ, ಹಳ್ಳಿಗಳ ಹತ್ತಿರದ ನೀರಲ್ಲಿ ನೀರುನಾಯಿಯನ್ನು ಬೇಟೆಯಾಡಿ ಕಡಿಮೆ ಮಾಡಿದ್ದರು ಎಂಬುದು ಅವರ ತೀರ್ಮಾನ. ಮನುಷ್ಯ ಬರುವ ಮುಂಚೆ ಪ್ರಕೃತಿ ಹೀಗಿತ್ತು, ಬಂದ ಮೇಲೆ ಕೆಟ್ಟಿತು ಎಂಬ ಸರಳ ಗೆರೆ ಇಲ್ಲಿ ಎಳೆಯಲಾಗದು. 1989ರ ಇನ್ನೊಂದು ಅಧ್ಯಯನದಲ್ಲಿ, ಕೆಲ್ಪ್ ದಟ್ಟವಾಗಿರುವ ದ್ವೀಪಗಳಲ್ಲಿ ಬಂಡೆಗೆ ಅಂಟಿ ಬೆಳೆಯುವ ಮಸಲ್ ಮತ್ತು ಬಾರ್ನಕಲ್‌ಗಳು ಎರಡರಿಂದ ಐದು ಪಟ್ಟು ವೇಗವಾಗಿ ಬೆಳೆಯುವುದು ಕಂಡಿತು. ಕೊಳೆತ ಕೆಲ್ಪಿನ ಪುಡಿಯೇ ಅವಕ್ಕೆ ಮೇವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೀಟರ್ ಸ್ಟೈನ್‌ಬರ್ಗ್ ಜೊತೆ ಮಾಡಿದ ಕೆಲಸ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡಲಲ್ಲೂ ದೊಡ್ಡ ಕಂದು ಪಾಚಿಗಳಿವೆ, ಆದರೆ ಅಲ್ಲಿ ನೀರುನಾಯಿಯಂಥ ಬೇಟೆಗಾರ ಎಂದೂ ಇರಲಿಲ್ಲ. ಅಲ್ಲಿನ ಪಾಚಿಗಳಲ್ಲಿ ತಿನ್ನುವವರನ್ನು ದೂರವಿಡುವ ಒಗರು ರಾಸಾಯನಿಕ, ಉತ್ತರ ಪೆಸಿಫಿಕ್‌ನ ಕೆಲ್ಪಿಗಿಂತ ಹಲವು ಪಟ್ಟು ಹೆಚ್ಚು. ಕಾವಲಿಗೆ ಯಾರೂ ಇಲ್ಲದ ಕಡೆ ಗಿಡ ತಾನೇ ವಿಷ ಮಾಡಿಕೊಂಡಿದೆ. ನೀರುನಾಯಿ ಇರುವ ಕಡೆ ಆ ಉಸಾಬರಿಯೇ ಬೇಕಾಗಿರಲಿಲ್ಲ, ಕೆಲ್ಪ್ ಬೆಳೆಯುವುದಷ್ಟನ್ನೇ ನೋಡಿಕೊಂಡಿತು. ಹಾಗಿದ್ದಾಗ ಕಾವಲುಗಾರನನ್ನು ಥಟ್ಟನೆ ಎತ್ತಿಬಿಟ್ಟರೆ ಏನಾದೀತು? ಶೆಮ್ಯಾದಲ್ಲಿ ಆದದ್ದೇ ಆಗುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಆಗುವ ವಿಕಾಸದಲ್ಲೂ ಮೇಲಿನ ಪ್ರಾಣಿಯ ಹಲ್ಲಿನ ಗುರುತನ್ನು ಓದಬಹುದು ಎಂದು ತೋರಿಸಿದ್ದು ಸಣ್ಣ ಮಾತಲ್ಲ.

ಇನ್ನು ವೃತ್ತಿಯ ನಡುಮಧ್ಯದಲ್ಲಿ ಎಲ್ಲವೂ ತಲೆಕೆಳಗಾದ ಕಥೆ. 1980ರ ದಶಕದವರೆಗೆ ಅಲೂಷಿಯನ್ ನೀರುನಾಯಿಗಳು ಹೆಚ್ಚುತ್ತಿದ್ದವು. ಎಸ್ಟೀಸ್ ತಂಡ ಏಡಾಕ್ ಎಂಬ ದ್ವೀಪದಲ್ಲಿ ಅವುಗಳ ಏರಿಕೆಯನ್ನು ಲೆಕ್ಕ ಹಾಕಲು ಕೂತಿತ್ತು. 1990ರ ದಶಕದಲ್ಲಿ ಲೆಕ್ಕ ಇಳಿಯತೊಡಗಿತು. ಮೊದಲು ಅವು ಬೇರೆ ಕಡೆ ಹೋಗಿರಬೇಕು ಎಂದುಕೊಂಡರು. ಬೇರೆ ದ್ವೀಪಗಳಲ್ಲಿ ನೋಡಿದರೆ ಅಲ್ಲೂ ಇಳಿಕೆ. ರೋಗವೇ? ರೋಗವಾದರೆ ದಡದಲ್ಲಿ ಹೆಣ ಸಿಗಬೇಕು. ಸಿಗಲಿಲ್ಲ. ಹಸಿವೇ? ಅರ್ಚಿನ್ ಹೆಚ್ಚುತ್ತಿತ್ತು, ತಿನ್ನಲು ಕೊರತೆ ಇರಲಿಲ್ಲ. ಮರಿ ಹಾಕುವುದು ನಿಂತಿತೇ? ರೇಡಿಯೊ ಅಳವಡಿಸಿದ ಹೆಣ್ಣುಗಳು ಎಂದಿನಂತೆ ಮರಿ ಹಾಕುತ್ತಿದ್ದವು. ಒಂದೊಂದೇ ಅನುಮಾನ ಕಳಚಿ ಬಿದ್ದಂತೆ ಉಳಿದದ್ದು, 1991ರಲ್ಲಿ ಒಮ್ಮೆ ಕಂಡು ಯಾರೂ ಹೆಚ್ಚು ತಲೆಕೆಡಿಸಿಕೊಳ್ಳದ ಒಂದು ದೃಶ್ಯ. ಓರ್ಕಾ ತಿಮಿಂಗಿಲವೊಂದು ನೀರುನಾಯಿಯ ಮೇಲೆ ಬಿದ್ದಿತ್ತು. ಅಷ್ಟು ವರ್ಷಗಳ ಕಾಲ ಇಬ್ಬರೂ ಅದೇ ನೀರಲ್ಲಿ ಓಡಾಡಿಕೊಂಡಿದ್ದರು, ಒಬ್ಬರ ತಂಟೆಗೆ ಇನ್ನೊಬ್ಬರು ಹೋದದ್ದು ಕಂಡಿರಲಿಲ್ಲ.

ಒಮ್ಮೆ ಕಂಡದ್ದು ಪುರಾವೆ ಆಗುವುದಿಲ್ಲ. ಇಲ್ಲೂ ನೆರವಿಗೆ ಬಂದದ್ದು ಹಳೆಯ ಹೋಲಿಕೆಯೇ. ಏಡಾಕ್‌ನಲ್ಲಿ ಕ್ಲಾಮ್ ಲಗೂನ್ ಎಂಬ ಹಿನ್ನೀರಿದೆ. ಬಾಯಿ ಕಿರಿದು, ನೀರು ಆಳವಿಲ್ಲ, ಓರ್ಕಾ ನುಗ್ಗಲು ಆಗದು. ಪಕ್ಕದಲ್ಲೇ ಕುಲುಕ್ ಕೊಲ್ಲಿ, ಅದು ಕಡಲಿಗೆ ಬಾಯಿ ತೆರೆದುಕೊಂಡಿದೆ. 1993ರಿಂದ 1997ರ ನಡುವೆ ಲಗೂನಿನ ನೀರುನಾಯಿಗಳ ಸಂಖ್ಯೆ ಇದ್ದಷ್ಟೇ ಇತ್ತು. ಕೊಲ್ಲಿಯಲ್ಲಿ ಮುಕ್ಕಾಲು ಭಾಗ ಮಾಯ. ರೋಗ, ಮಾಲಿನ್ಯ, ಹವಾಮಾನ ಇವು ಯಾವುವೂ ಲಗೂನಿನ ಬಾಗಿಲಲ್ಲಿ ನಿಂತು ಅನುಮತಿ ಕೇಳುವುದಿಲ್ಲ. ಕೇಳಬೇಕಾದದ್ದು ಆರೇಳು ಮೀಟರ್ ಉದ್ದದ ಪ್ರಾಣಿ ಮಾತ್ರ. ಆಮೇಲೆ ಲೆಕ್ಕ. ಬರೀ ನೀರುನಾಯಿ ತಿಂದೇ ಬದುಕಬೇಕಾದರೆ ಒಂದು ಓರ್ಕಾಗೆ ದಿನಕ್ಕೆ ಐದು, ಅಂದರೆ ವರ್ಷಕ್ಕೆ 1,825 ನೀರುನಾಯಿ ಬೇಕು. ಆರು ವರ್ಷಗಳಲ್ಲಿ ಆ ಪ್ರದೇಶದಲ್ಲಿ ಕಾಣೆಯಾದದ್ದು ಸುಮಾರು 40,000. ಅಷ್ಟಕ್ಕೆ 3.7 ಓರ್ಕಾ ಸಾಕು. ನಾಲ್ಕು ಪ್ರಾಣಿಗಳು ಊಟದ ರುಚಿ ಬದಲಿಸಿದ್ದಕ್ಕೆ ನೂರಾರು ಕಿಲೋಮೀಟರ್ ಕರಾವಳಿ ಬೋಳಾಗಬಹುದು! ಎಸ್ಟೀಸ್ ತಂಡ ಇದನ್ನೆಲ್ಲ ಪ್ರಕಟಿಸಿದ 1998ರ ಲೇಖನದಲ್ಲಿ ಹಾಗೆ ಬೋಳಾದದ್ದರ ಲೆಕ್ಕವೂ ಇದೆ. 1987ಕ್ಕೆ ಹೋಲಿಸಿದರೆ 1997ರಲ್ಲಿ ಅರ್ಚಿನ್ ರಾಶಿ ಎಂಟು ಪಟ್ಟು ಏರಿತ್ತು, ಕೆಲ್ಪ್ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿದಿತ್ತು. ಪಶ್ಚಿಮ ಅಲಾಸ್ಕಾದ ನೀರುನಾಯಿಗಳನ್ನು 2005ರಲ್ಲಿ ಅಪಾಯಕ್ಕೊಳಗಾದ ಪಟ್ಟಿಗೆ ಸೇರಿಸಬೇಕಾಯಿತು.

ಇಲ್ಲಿ ಒಂದು ಮಾತು. 1997ರಲ್ಲಿ ಹೋಲಿಸಿ ನೋಡಲು 1987ರ ಅಂಕಿ ಇತ್ತು ಏಕೆಂದರೆ 1987ರಲ್ಲಿ ಯಾರೋ ಹೋಗಿ ಎಣಿಸಿದ್ದರು. ಆಗ ಅಲ್ಲಿ ಸುದ್ದಿಯಾಗುವಂಥದ್ದು ಏನೂ ನಡೆಯುತ್ತಿರಲಿಲ್ಲ. 'ಏನೂ ನಡೆಯದ ದ್ವೀಪದಲ್ಲಿ ಅರ್ಚಿನ್ ಎಣಿಸಲು ಹೋಗುತ್ತೇನೆ, ಹತ್ತು ವರ್ಷವಾದ ಮೇಲೆ ಉಪಯೋಗಕ್ಕೆ ಬರಬಹುದು' ಎಂದು ಇಂದು ಒಬ್ಬ ಯುವ ಸಂಶೋಧಕಿ ಅರ್ಜಿ ಹಾಕಿದರೆ, ಯಾವ ದೇಶದ ಯಾವ ಸಂಸ್ಥೆ ದುಡ್ಡು ಕೊಟ್ಟೀತು? ಎಸ್ಟೀಸ್‌ಗೆ ಮೊದಲ ದುಡ್ಡು ಬಂದದ್ದು ಬಾಂಬಿನ ದೆಸೆಯಿಂದ, ಮುಂದಿನದು ಸರ್ಕಾರಿ ಸಂಶೋಧಕನ ಖಾಯಂ ಕೆಲಸದಿಂದ. ಮೂರು ವರ್ಷದ ಯೋಜನೆ, ಎರಡು ವರ್ಷದ ಫೆಲೋಶಿಪ್ ಎಂದು ಕತ್ತರಿಸಿ ಕೊಡುವ ಈಗಿನ ವ್ಯವಸ್ಥೆಯಲ್ಲಿ ಈ ಬಗೆಯ ತಿಳಿವಳಿಕೆ ಹುಟ್ಟುವುದು ಕಷ್ಟ ಎಂದೇ ನನ್ನ ಅನಿಸಿಕೆ.

ಓರ್ಕಾ ಏಕೆ ರುಚಿ ಬದಲಿಸಿತು? ಎಸ್ಟೀಸ್ ಎಡವಿದರೇ ಎಂದು ಕೇಳಬಹುದಾದ ಜಾಗ ಇದು. 2003ರಲ್ಲಿ ಅಲನ್ ಸ್ಪ್ರಿಂಗರ್, ಎಸ್ಟೀಸ್ ಮತ್ತಿತರರು ಒಂದು ದೊಡ್ಡ ವಾದ ಮುಂದಿಟ್ಟರು. ಎರಡನೇ ಮಹಾಯುದ್ಧದ ನಂತರ ಉತ್ತರ ಪೆಸಿಫಿಕ್‌ನಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ಸುಮಾರು ಐದು ಲಕ್ಷ ದೊಡ್ಡ ತಿಮಿಂಗಿಲಗಳನ್ನು ಕೊಂದವು. ದೊಡ್ಡ ತಿಮಿಂಗಿಲ ತಿನ್ನುತ್ತಿದ್ದ ಓರ್ಕಾಗಳಿಗೆ ಊಟ ತಪ್ಪಿತು. ಅವು ಮೊದಲು ಹಾರ್ಬರ್ ಸೀಲ್, ಆಮೇಲೆ ತುಪ್ಪಳದ ಸೀಲ್, ಆಮೇಲೆ ಕಡಲಸಿಂಹ, ಕೊನೆಗೆ ಏನೂ ಸಿಗದೆ ಕೂದಲೇ ತುಂಬಿದ ನೀರುನಾಯಿಗೆ ಇಳಿದವು. ಕೇಳಲು ಚೆನ್ನಾಗಿದೆ. ವಿರೋಧವೂ ಅಷ್ಟೇ ಜೋರಾಗಿ ಬಂತು. ಇಳಿಕೆಗಳ ಕಾಲಕ್ರಮ ಹಾಗೆ ಸಾಲಾಗಿಲ್ಲ, ಓರ್ಕಾಗಳ ಮುಖ್ಯ ಊಟ ದೊಡ್ಡ ತಿಮಿಂಗಿಲವೇ ಆಗಿತ್ತು ಎನ್ನಲು ಆಧಾರ ಸಾಲದು, 1970ರ ದಶಕದ ಮಧ್ಯದಲ್ಲಿ ಕಡಲಿನ ಹವೆಯೇ ಬದಲಾಗಿ ಮೀನಿನ ಬಗೆ ಬದಲಾಯಿತು ಎಂದು ಹಲವು ಸಸ್ತನಿ ತಜ್ಞರು ಬರೆದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಕಾಗೆಯ ಮೇಲೆ ಕೇಸು ಹಾಕಲಾಗದು ಎಂಬುದು ಅವರ ಮಾತಿನ ಸಾರ. ನನ್ನ ಓದಿನ ಮಟ್ಟಿಗೆ ವಿರೋಧಿಗಳ ಕೈ ಮೇಲಾಗಿದೆ ಎನ್ನಲಾರೆ, ಆದರೆ ವಾದ ಗೆದ್ದಿದೆ ಎಂದೂ ಹೇಳಲಾರೆ. ಓರ್ಕಾ ನೀರುನಾಯಿಯನ್ನು ತಿಂದಿತು ಎನ್ನಲು ಒಂದು ಲಗೂನ್ ಇತ್ತು. ತಿಮಿಂಗಿಲ ಬೇಟೆಯೇ ಅದಕ್ಕೆ ಕಾರಣ ಎನ್ನಲು ಅಂಥದ್ದೊಂದು ಲಗೂನ್ ಎಲ್ಲೂ ಇರಲಿಲ್ಲ.

ಈಗ ಕ್ಯಾಲಿಫೋರ್ನಿಯಾಕ್ಕೆ ಬರೋಣ, ಜಗಳದ ಬಿಸಿ ಇರುವುದು ಇಲ್ಲಿಯೇ. ಇಲ್ಲಿನ ನೀರುನಾಯಿ ಮುಗಿದೇಹೋಯಿತು ಎಂದುಕೊಂಡಿದ್ದಾಗ 1938ರಲ್ಲಿ ಬಿಗ್ ಸರ್ ಬಳಿಯ ಸೇತುವೆಯೊಂದರ ಕೆಳಗೆ ಒಂದು ಚಿಕ್ಕ ಗುಂಪು ಕಣ್ಣಿಗೆ ಬಿತ್ತು. ಆ ಗುಂಪಿನ ಸಂತತಿ ಇಂದು ಸುಮಾರು ಮೂರು ಸಾವಿರ. ಎಲ್ಲ ಮಧ್ಯ ಕ್ಯಾಲಿಫೋರ್ನಿಯಾದ ಒಂದು ಪಟ್ಟಿಯಲ್ಲೇ ಸಿಕ್ಕಿಕೊಂಡಿವೆ. ಎರಡೂ ತುದಿಯಲ್ಲಿ ಬಿಳಿ ಶಾರ್ಕ್ ಕಚ್ಚುತ್ತದೆ. ಅದು ತಿನ್ನುವುದೂ ಇಲ್ಲ, ರುಚಿ ನೋಡಿ ಬಿಡುತ್ತದೆ, ಆದರೆ ನೀರುನಾಯಿ ಸಾಯುತ್ತದೆ. ಸಾಲದ್ದಕ್ಕೆ ಊರಿನ ಬೆಕ್ಕುಗಳ ಹೇಲಿನಿಂದ ಮಳೆನೀರಿನ ಜೊತೆ ಕಡಲು ಸೇರುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಕಾಟ. 2023ರ ಬೇಸಿಗೆಯಲ್ಲಿ ಸಾಂಟಾ ಕ್ರೂಜ್‌ನ ಅಲೆಸವಾರರ ಹಲಗೆ ಕಿತ್ತುಕೊಂಡು ಅದರ ಮೇಲೆ ಕೂತ 841ನೇ ನಂಬರಿನ ಹೆಣ್ಣು ನೀರುನಾಯಿಯ ವಿಡಿಯೊ ನೋಡಿದ್ದರೆ, ಅದೂ ಇದೇ ಬಳಗದ್ದು.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೀರುನಾಯಿ ಇಲ್ಲ. ಅಲ್ಲಿ ಅರ್ಚಿನ್ ಹದ್ದುಬಸ್ತಿನಲ್ಲಿ ಇಟ್ಟಿದ್ದದ್ದು ಇಪ್ಪತ್ತಕ್ಕೂ ಹೆಚ್ಚು ತೋಳುಗಳ, ಒಂದು ಮೀಟರ್‌ವರೆಗೂ ಅಗಲ ಬೆಳೆಯುವ ಸೂರ್ಯಕಾಂತಿ ನಕ್ಷತ್ರಮೀನು. 2013ರಲ್ಲಿ ನಕ್ಷತ್ರಮೀನುಗಳು ತೋಳು ಕಳಚಿ ಕರಗಿ ಸಾಯುವ ರೋಗ ಹರಡಿತು. ಅದಕ್ಕೆ ಒಂದು ವಿಬ್ರಿಯೊ ಬ್ಯಾಕ್ಟೀರಿಯಾ ಕಾರಣ ಎಂದು ಗೊತ್ತಾದದ್ದು ಹನ್ನೆರಡು ವರ್ಷ ಬಿಟ್ಟು, 2025ರಲ್ಲಿ. ರೋಗದ ಬೆನ್ನಿಗೇ 2014ರಿಂದ 2016ರವರೆಗೆ ಕಡಲು ಅಸಾಧಾರಣವಾಗಿ ಬಿಸಿಯಾಯಿತು. ಕೆಲ್ಪಿಗೆ ಬಿಸಿನೀರು ಆಗದು. ನೇರಳೆ ಅರ್ಚಿನ್‌ಗಳು ಸುಮಾರು 60 ಪಟ್ಟು ಹೆಚ್ಚಿದವು. ಕೆಲವೇ ವರ್ಷಗಳಲ್ಲಿ ಶೇ 90ಕ್ಕೂ ಹೆಚ್ಚು ಕೆಲ್ಪ್ ಹೋಯಿತು. ಕೆಲ್ಪನ್ನು ನಂಬಿದ್ದ ಅಬಲೋನ್ ಚಿಪ್ಪಿನ ಜೀವಿಗಳು ಹಸಿದು ಸತ್ತವು, 2018ರಲ್ಲಿ ಅದರ ಹಿಡಿಯುವಿಕೆಯನ್ನೇ ನಿಲ್ಲಿಸಬೇಕಾಯಿತು.

ಅದೇ ರೋಗ, ಅದೇ ಬಿಸಿ ಮಧ್ಯ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೂ ಬಂತು. ಅಲ್ಲೂ ಬೋಳು ಬಂಡೆಗಳಾದವು, ಆದರೆ ನಡುನಡುವೆ ಕೆಲ್ಪಿನ ತೋಪುಗಳು ಉಳಿದವು. ಒಂದು ಕಾವಲು ಹೋದರೂ ಇನ್ನೊಂದು ಇತ್ತು. ಐವತ್ತು ವರ್ಷ ಹಿಂದೆ ಅಮ್ಚಿಟ್ಕಾ ಮತ್ತು ಶೆಮ್ಯಾಗಳ ನಡುವೆ ಕಂಡದ್ದೇ ಇಲ್ಲಿ ದೊಡ್ಡದಾಗಿ ಕಂಡಿತು. ಸುಮಾರು ನೂರು ವರ್ಷದ ನಕ್ಷೆಗಳನ್ನು ಹೋಲಿಸಿದ 2024ರ ಅಧ್ಯಯನವೂ ಅದನ್ನೇ ಹೇಳಿತು. 1910ರಿಂದ 2016ರ ನಡುವೆ ಉತ್ತರ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕೆಲ್ಪ್ ಅರ್ಧಕ್ಕಿಂತ ಹೆಚ್ಚು ಕುಸಿದರೆ, ನೀರುನಾಯಿ ಇರುವ ಮಧ್ಯದ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಏರಿದೆ.

ಹಾಗಾದರೆ ಉತ್ತರಕ್ಕೂ ನೀರುನಾಯಿ ತಂದು ಬಿಟ್ಟರಾಯಿತು, ಎನ್ನುವಿರಾ? ಇಲ್ಲೇ ಎಚ್ಚರ ಬೇಕು. ಜೋಶುವಾ ಸ್ಮಿತ್ ಮತ್ತು ಸಂಗಡಿಗರು ಮಾಂಟೆರೆಯಲ್ಲಿ ನೀರುನಾಯಿ ಎಲ್ಲಿ ಮುಳುಗಿ ಏನು ತರುತ್ತದೆ ಎಂದು ನೋಡಿ 2021ರಲ್ಲಿ ಪ್ರಕಟಿಸಿದ್ದು ಹೀಗೆ. ಬೋಳು ಬಂಡೆಯ ಅರ್ಚಿನ್ ಉಪವಾಸವಿದ್ದೂ ವರ್ಷಗಟ್ಟಲೆ ಸಾಯುವುದಿಲ್ಲ, ಆದರೆ ಒಳಗೆ ಪೊಳ್ಳು. ನೀರುನಾಯಿ ಅದರ ಗೋಜಿಗೇ ಹೋಗುವುದಿಲ್ಲ. ಕೆಲ್ಪ್ ತೋಪಿನೊಳಗೆ ತಿಂದು ಕೊಬ್ಬಿದ ಅರ್ಚಿನ್ನನ್ನೇ ಹುಡುಕಿ ತಿನ್ನುತ್ತದೆ. ಪೊಳ್ಳು ಕಾಯಿ ಯಾರಿಗೆ ಬೇಕು? ಅಂದರೆ ಅದು ಇರುವ ಕಾಡನ್ನು ಕಾಯುತ್ತದೆ, ಹೋದ ಕಾಡನ್ನು ತಾನೇ ತಂದುಕೊಡುತ್ತದೆ ಎಂಬ ಭರವಸೆ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನೀರುನಾಯಿ ಮರಳಿದ ಕಡೆ ಬೋಳು ಬಂಡೆಗಳು ಬೇಗ ಕಾಡಾದದ್ದೂ ನಿಜ. ಅಲ್ಲಿ ಆದದ್ದು ಉತ್ತರ ಕ್ಯಾಲಿಫೋರ್ನಿಯಾದ ಹಸಿದ ಅರ್ಚಿನ್‌ಗಳ ನಡುವೆಯೂ ಆಗುತ್ತದೆಯೇ ಎಂಬುದು ಮಾಡಿಯೇ ನೋಡಬೇಕಾದ ವಿಷಯ. ಮಾಂಟೆರೆ ಹತ್ತಿರದ ಎಲ್ಕ್‌ಹಾರ್ನ್ ಅಳಿವೆಯಲ್ಲಿ ಕಥೆ ಬೇರೆಯೇ. ಅಲ್ಲಿ ಕೆಲ್ಪೂ ಇಲ್ಲ, ಅರ್ಚಿನ್ನೂ ಇಲ್ಲ. ನೀರುನಾಯಿ ದಡದ ಏಡಿ ತಿಂದದ್ದರಿಂದ ಏಡಿ ಕೊರೆಯುತ್ತಿದ್ದ ಜೌಗುಸಸ್ಯದ ಬೇರು ಉಳಿಯಿತು, ದಂಡೆ ಕುಸಿಯುವುದು ಶೇ 69ರವರೆಗೆ ನಿಧಾನವಾಯಿತು ಎಂದು ಬ್ರೆಂಟ್ ಹ್ಯೂಸ್ ತಂಡ 2024ರಲ್ಲಿ ತೋರಿಸಿತು.

ಏಡಿ ತಿಂದದ್ದು ಅಲ್ಲಿ ವರವಾಯಿತು, ಆರೆಗಾನ್‌ನಲ್ಲಿ ಅದೇ ಭಯ. ಡಂಜನೆಸ್ ಏಡಿ ಆ ರಾಜ್ಯದ ಮೀನುಗಾರಿಕೆಯಲ್ಲೇ ಹೆಚ್ಚು ದುಡ್ಡು ತರುವ ಜೀವಿ. ಭಯ ಆಧಾರವಿಲ್ಲದ್ದೂ ಅಲ್ಲ. 1960ರ ದಶಕದ ಕೊನೆಯಲ್ಲಿ ಅಮ್ಚಿಟ್ಕಾ ಮತ್ತಿತರ ಕಡೆಯಿಂದ ಆಗ್ನೇಯ ಅಲಾಸ್ಕಾಕ್ಕೆ ಒಯ್ದ ಸುಮಾರು 400 ನೀರುನಾಯಿಗಳು ಇಂದು 20,000ಕ್ಕೂ ಹೆಚ್ಚಾಗಿ, ಅಲ್ಲಿ ಮುಳುಗಿ ಕಡಲಸೌತೆ, ಚಿಪ್ಪು, ಅರ್ಚಿನ್ ತೆಗೆಯುವವರ ಕಸುಬನ್ನು ಹಲವು ಕಡೆ ಮುಗಿಸಿವೆ. ಬ್ರಿಟಿಷ್ ಕೊಲಂಬಿಯಾದ ಬಗ್ಗೆ 2020ರಲ್ಲಿ ಬಂದ ಒಂದು ಲೆಕ್ಕದಲ್ಲಿ ಚಿಪ್ಪುಜೀವಿಗಳ ನಷ್ಟ ವರ್ಷಕ್ಕೆ 73 ಲಕ್ಷ ಕೆನಡಿಯನ್ ಡಾಲರ್, ಲಾಭ ಅದರ ಏಳು ಪಟ್ಟು. ಆದರೆ ಆ ಲಾಭದಲ್ಲಿ 4.2 ಕೋಟಿ ಪ್ರವಾಸೋದ್ಯಮದ್ದು. ಏಡಿ ಬಲೆ ಬಿಡುವವನ ಜೇಬಿನಿಂದ ಹೋದದ್ದು ದೋಣಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವವನ ಜೇಬಿಗೆ ಬಂದರೆ, ಒಟ್ಟು ಮೊತ್ತ ಕೂಡಿ ತೋರಿಸುವುದರಿಂದ ಮೊದಲನೆಯವನಿಗೆ ಏನು ಸಮಾಧಾನ? ತುಂಗಭದ್ರೆಯ ಮೀನುಗಾರನೂ ಬಲೆ ಹರಿದ ನೀರುನಾಯಿಯ ಬಗ್ಗೆ ಹೇಳುವುದು ಇದನ್ನೇ. ಹಾನಿ ಅವನೊಬ್ಬನದು, ಚೆಂದ ಊರಿಗೆಲ್ಲ.

ನೀರುನಾಯಿ ಕಾದ ಕೆಲ್ಪ್ ಇಂಗಾಲ ಹೀರಿಕೊಳ್ಳುತ್ತದೆ, ಅದಕ್ಕಾಗಿಯಾದರೂ ಅದು ಬೇಕು ಎಂಬ ಕಾರ್ಬನ್ ವಾದದ ಬಗ್ಗೆಯೂ ನನಗೆ ಅಳುಕಿದೆ. ನೀರುನಾಯಿ ಇದ್ದರೆ ಹೆಚ್ಚಾಗುವ ಕೆಲ್ಪಿನಲ್ಲಿರುವ ಇಂಗಾಲದ ಬೆಲೆ 20ರಿಂದ 40 ಕೋಟಿ ಡಾಲರ್ ಎಂದು 2012ರಲ್ಲಿ ಕ್ರಿಸ್ ವಿಲ್ಮರ್ಸ್, ಎಸ್ಟೀಸ್ ಮತ್ತಿತರರು ಅಂದಾಜಿಸಿದ್ದರು. ಕೆಲ್ಪ್ ಮರವಲ್ಲ, ಬೇಗ ಬೆಳೆದು ಬೇಗ ಕೊಳೆಯುತ್ತದೆ. ಒಂದು ಪ್ರಾಣಿ ಇರಬೇಕಾದದ್ದಕ್ಕೆ ಹೀಗೆ ಪೇಟೆಯ ದರ ಕಟ್ಟಿದರೆ, ದರ ಇಳಿದ ದಿನ ಏನು ಹೇಳುವುದು?

ಆರೆಗಾನ್‌ನಲ್ಲಿ ಇದು ಮೊದಲ ಪ್ರಯತ್ನವೂ ಅಲ್ಲ. 1970 ಮತ್ತು 71ರಲ್ಲಿ ಅಮ್ಚಿಟ್ಕಾದಿಂದ 93 ನೀರುನಾಯಿಗಳನ್ನು ವಿಮಾನದಲ್ಲಿ ತಂದು ಅಲ್ಲಿ ಬಿಟ್ಟಿದ್ದರು. ಮೊದಮೊದಲು ಮರಿ ಹಾಕಿದವು, ಹತ್ತು ವರ್ಷದಲ್ಲಿ ಒಂದೂ ಉಳಿಯಲಿಲ್ಲ. ಅದೇ ದ್ವೀಪದಿಂದ ವಾಷಿಂಗ್ಟನ್ನಿಗೆ ಒಯ್ದ 59 ಬೇರೂರಿದವು. 1987ರಿಂದ 1990ರವರೆಗೆ ಕ್ಯಾಲಿಫೋರ್ನಿಯಾದಲ್ಲಿ 140 ನೀರುನಾಯಿಗಳನ್ನು ಹಿಡಿದು ದಡದಿಂದ ಸುಮಾರು ನೂರು ಕಿಲೋಮೀಟರ್ ದೂರದ ಸಾನ್ ನಿಕೊಲಾಸ್ ದ್ವೀಪಕ್ಕೆ ಸಾಗಿಸಿದ್ದರು. ಮೀನುಗಾರರನ್ನು ಒಪ್ಪಿಸಲು, ಆ ದ್ವೀಪದ ಸುತ್ತಲಿನ ನೀರನ್ನು ಬಿಟ್ಟು ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲನ್ನೆಲ್ಲ 'ನೀರುನಾಯಿ ಇಲ್ಲದ ವಲಯ' ಎಂದು ಕಾಗದದ ಮೇಲೆ ಗೆರೆ ಎಳೆದರು. ಗೆರೆ ದಾಟಿ ಬಂದವನ್ನು ಹಿಡಿದು ವಾಪಸ್ ಬಿಡುವುದು ಅಧಿಕಾರಿಗಳ ಕೆಲಸವಾಯಿತು. 2012ರಲ್ಲಿ ಅದನ್ನು ಕೈಬಿಟ್ಟರು. ಒಯ್ದ 140ರಲ್ಲಿ ಕೆಲವೇ ವರ್ಷಗಳಲ್ಲಿ ದ್ವೀಪದಲ್ಲಿ ಉಳಿದದ್ದು ಇಪ್ಪತ್ತಕ್ಕಿಂತ ಕಡಿಮೆ. ಕೆಲವು ಸತ್ತವು, ಎಷ್ಟೋ ಪತ್ತೆಯೇ ಆಗಲಿಲ್ಲ. ಕನಿಷ್ಠ 36 ನೀರುನಾಯಿಗಳು ತೆರೆದ ಕಡಲನ್ನು ಈಜಿ ದಾಟಿ, ಹಿಡಿದು ತಂದ ಕರಾವಳಿಗೇ ವಾಪಸ್ ಹೋಗಿದ್ದವು.